ಹೊಸ ಮನೆಯ ಸುತ್ತ ಹಸಿರು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಕೋಲಾರದಿಂದ, ಕೆಲವು ಚಿಕ್ಕಬಳ್ಳಾಪುರ ಮತ್ತು ತುಮಕೂರಿನಿಂದ ಬಂದಿವೆ. ಹೊಸದಾಗಿ ಮನೆ ಕಟ್ಟಿಸಿಕೊಂಡವರು ಕಾಂಪೌಂಡಿನ ಒಳಗೆ ಉಳಿದ ಅಷ್ಟಿಷ್ಟು ಜಾಗದಲ್ಲಿ ತೋಟ ಮಾಡುವುದು ಹೇಗೆಂದು ಕೇಳಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಕೋಲಾರದ ಹೊಸ ಬಡಾವಣೆಯೊಂದರಲ್ಲಿ 30×40 ಅಡಿ ನಿವೇಶನದಲ್ಲಿ ಮನೆ ಕಟ್ಟಿಸಿದ್ದೇವೆ. ಮುಂದೆ ಸುಮಾರು 25 ಅಡಿ ಉದ್ದ, 8 ಅಡಿ ಅಗಲದ ಜಾಗವಿದೆ. ಗೃಹಪ್ರವೇಶ ಮುಗಿದ ಕೂಡಲೇ ನರ್ಸರಿಯಿಂದ ಗುಲಾಬಿ, ದಾಸವಾಳ, ಮಲ್ಲಿಗೆ ತಂದು ನೆಟ್ಟೆವು. ಕೆಲವೇ ತಿಂಗಳಲ್ಲಿ ಎಲೆಗಳು ಹಳದಿಯಾಗಿ ಗಿಡಗಳು ಸೊರಗಿವೆ. ಗೊಬ್ಬರ ಹಾಕಿದರೂ ಪ್ರಯೋಜನವಾಗಿಲ್ಲ. ಏನು ಮಾಡಬೇಕು?

ಉತ್ತರ: ಮೊದಲು ಎಲೆಗಳನ್ನು ಗಮನವಿಟ್ಟು ನೋಡಿ. ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗಿದ್ದರೆ ಸಾಮಾನ್ಯವಾಗಿ ಸಾರಜನಕದ ಕೊರತೆ. ತುದಿಯ ಎಳೆ ಎಲೆಗಳು ಹಳದಿಯಾಗಿ, ನರಗಳು ಮಾತ್ರ ಹಸಿರಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಹೊಸ ಮನೆಗಳ ಅಂಗಳದಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯದು. ಅದಕ್ಕೆ ಕಾರಣ ಮಣ್ಣಿನಲ್ಲಿ ಕಬ್ಬಿಣ ಇಲ್ಲದಿರುವುದಲ್ಲ. ಕೋಲಾರದ ಕೆಮ್ಮಣ್ಣಿನ ಕೆಂಪು ಬಣ್ಣವೇ ಅದರಲ್ಲಿರುವ ಕಬ್ಬಿಣದ ಆಕ್ಸೈಡಿನಿಂದ ಬಂದದ್ದು. ಮನೆ ಕಟ್ಟುವಾಗ ಉದುರಿದ ಸಿಮೆಂಟು, ಗಾರೆಯ ಚೂರು, ಸುಣ್ಣ, ಪ್ಲಾಸ್ಟರಿನ ಪುಡಿ ಎಲ್ಲವೂ ಆ ಜಾಗದಲ್ಲೇ ಬಿದ್ದು, ಅದರ ಮೇಲೆ ತೆಳ್ಳಗೆ ಮಣ್ಣು ಹರಡಿ ಸಮ ಮಾಡಿರುತ್ತಾರೆ. ಸಿಮೆಂಟು, ಸುಣ್ಣಗಳಿಂದ ಮಣ್ಣು ಕ್ಷಾರವಾಗುತ್ತದೆ. ಕ್ಷಾರದ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಕರಗದೆ ಬೇರಿಗೆ ಸಿಗುವುದಿಲ್ಲ. ಅಂಥ ಮಣ್ಣಿಗೆ ಎಷ್ಟು ಗೊಬ್ಬರ ಸುರಿದರೂ ಗಿಡ ಚೇತರಿಸಿಕೊಳ್ಳದು. ಬೋರ್‌ವೆಲ್ಲಿನ ಗಡಸು ನೀರನ್ನೇ ದಿನವೂ ಹಾಕುತ್ತಿದ್ದರೆ ತೊಂದರೆ ಇನ್ನಷ್ಟು ಹೆಚ್ಚುತ್ತದೆ.

ಇದು ನಿಮ್ಮ ಅಂಗಳಕ್ಕೂ ಅನ್ವಯಿಸುತ್ತದೆಯೇ ಎಂದು ತಿಳಿಯಲು ಹಾರೆಯಿಂದ ಒಂದೂವರೆ ಅಡಿ ಆಳದ ಗುಂಡಿಯೊಂದನ್ನು ತೆಗೆಯಿರಿ. ಜಲ್ಲಿ, ಇಟ್ಟಿಗೆ ಚೂರು, ಬೂದುಬಣ್ಣದ ಗಟ್ಟಿ ಪದರ ಸಿಕ್ಕರೆ ಅನುಮಾನವೇ ಬೇಡ. ಆ ಗುಂಡಿಗೆ ಒಂದು ಬಕೆಟ್ ನೀರು ಸುರಿದು ನೋಡಿ: ರಾತ್ರಿ ಸುರಿದ ನೀರು ಬೆಳಿಗ್ಗೆಯೂ ನಿಂತಿದ್ದರೆ, ಲಾರಿ ಮತ್ತು ಮಿಕ್ಸರ್‌ಗಳ ಓಡಾಟಕ್ಕೆ ನೆಲ ತುಳಿಸಿಕೊಂಡು ಗಟ್ಟಿಯಾಗಿದೆ ಎಂದರ್ಥ, ಅಲ್ಲಿ ಬೇರುಗಳಿಗೆ ಉಸಿರಾಡಲು ಗಾಳಿಯೇ ಇರುವುದಿಲ್ಲ.

ಪರಿಹಾರಕ್ಕೆ ಸ್ವಲ್ಪ ಶ್ರಮವೂ ಖರ್ಚೂ ಇದೆ, ಆದರೆ ಒಮ್ಮೆ ಮಾಡಿದರೆ ಸಾಕು. ಉಳಿದಿರುವ ಗಿಡಗಳನ್ನು ಬೇರಿನ ಮಣ್ಣಿನೊಂದಿಗೆ ಎತ್ತಿ ನೆರಳಿನಲ್ಲಿ ಕುಂಡಗಳಿಗೆ ಸಾಗಿಸಿ, ಅಂಗಳದ ಮಣ್ಣನ್ನು ಒಂದೂವರೆ ಅಡಿಯವರೆಗೆ ತೆಗೆಸಿಬಿಡಿ. 25 ಅಡಿ ಉದ್ದ, 8 ಅಡಿ ಅಗಲದ ಜಾಗಕ್ಕೆ ಹೆಚ್ಚೆಂದರೆ 300 ಘನ ಅಡಿ ಮಣ್ಣು ಬೇಕಾಗುತ್ತದೆ, ಅಂದರೆ ಸುಮಾರು ಮೂರು ಟ್ರ್ಯಾಕ್ಟರ್ ಲೋಡ್. ಗೋಡೆಗೆ ಅಂಟಿದ ಎರಡು ಅಡಿಯನ್ನು ಮಾತ್ರ ಕೆದಕದೆ ಬಿಡಿ. ತಳಪಾಯದ ಪಕ್ಕದ ಮಣ್ಣು ಸಡಿಲವಾಗಬಾರದು. ತುಂಬಿಸುವ ಮಣ್ಣು ಹೊಲದ ಮೇಲ್ಪದರದ ಕೆಮ್ಮಣ್ಣಾಗಿರಲಿ. ನಿವೇಶನ ಎತ್ತರಿಸಲು ತರುವ ಭರ್ತಿ ಮಣ್ಣು ಬಹಳ ಆಳದಿಂದ ಅಗೆದದ್ದಾಗಿರುವುದರಿಂದ ಅದರಲ್ಲಿ ಜೀವಾಂಶವಿರುವುದಿಲ್ಲ. ಬೆಲೆ ಕಡಿಮೆಯೆಂದು ಅದನ್ನು ತರಬೇಡಿ. ನಮ್ಮ ಜಿಲ್ಲೆಯಲ್ಲಿ ರೈತರು ಹೊಲಕ್ಕೆ ಹೊಡೆಸುವ ಕೆರೆಗೋಡು, ಅಂದರೆ ಕೆರೆಯ ಹೂಳು, ಒಳ್ಳೆಯದೇ, ಆದರೆ ಅದು ಜಿಗುಟಾದ್ದರಿಂದ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ. ಪಟ್ಟಣದ ಚರಂಡಿ ಸೇರುವ ಕೆರೆಯ ಗೋಡನ್ನು ಸೊಪ್ಪು ತರಕಾರಿ ಬೆಳೆಯುವ ಜಾಗಕ್ಕಂತೂ ಹಾಕಲೇಬಾರದು. ಮೇಲಿನ ಅರ್ಧ ಅಡಿಗೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಮೂರು ಅಂಗುಲದಷ್ಟು ಹರಡಿ ಬೆರೆಸಿ.

ಇಷ್ಟಾದ ಮೇಲೂ ನರ್ಸರಿಗೆ ಹೋಗಲು ಅವಸರ ಬೇಡವೆಂಬುದು ನನ್ನ ಒತ್ತಾಯದ ಸಲಹೆ. ಮೊದಲ ಮಳೆ ಬಿದ್ದ ಮೇಲೆ ಇಡೀ ಜಾಗಕ್ಕೆ ಹುರುಳಿಯನ್ನೋ ಅಲಸಂದೆಯನ್ನೋ ಅಪ್ಪಸೆಣಬನ್ನೋ ಒತ್ತಾಗಿ ಚೆಲ್ಲಿ, ಸುಮಾರು 40ರಿಂದ 45 ದಿನಗಳಲ್ಲಿ, ಹೂ ಬಿಡುವ ಹೊತ್ತಿಗೆ, ಕತ್ತರಿಸಿ ಅಲ್ಲೇ ಮಣ್ಣಿಗೆ ಸೇರಿಸಿರಿ. ಇವುಗಳ ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಮಣ್ಣಿಗೆ ಕೂಡಿಸುತ್ತವೆ, ಬೇರುಗಳು ಇಳಿದ ದಾರಿಯಲ್ಲಿ ನೀರು ಇಂಗುತ್ತದೆ. ಮನೆಯ ಮುಂದೆ ಎರಡು ತಿಂಗಳು ಹುರುಳಿ ಬೆಳೆದು ನಿಂತರೆ ನೋಡಿದವರು ಏನೆಂದಾರೋ ಎಂಬ ಸಂಕೋಚ ಬೇಡ. ಅನಂತರ ನೆಟ್ಟ ಗಿಡಗಳು ಹಿಡಿದುಕೊಳ್ಳುವ ಬಗೆಯೇ ಬೇರೆ.

ಮಣ್ಣನ್ನು ಪೂರ್ತಿ ಬದಲಿಸಲು ಈಗ ಅನುಕೂಲವಿಲ್ಲದಿದ್ದರೆ, ಪ್ರತಿ ಗಿಡಕ್ಕೂ ಎರಡು ಅಡಿ ಉದ್ದ, ಅಗಲ, ಆಳದ ಗುಂಡಿಯನ್ನಾದರೂ ತೆಗೆದು ಒಳ್ಳೆಯ ಮಣ್ಣು ತುಂಬಿಸಿ. ಹಳದಿಯಾದ ಗಿಡಗಳ ತಾತ್ಕಾಲಿಕ ಶುಶ್ರೂಷೆಗೆ ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ (ಫೆರಸ್ ಸಲ್ಫೇಟ್) ಮತ್ತು 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಸಂಜೆಯ ಹೊತ್ತು ಎಲೆಗಳಿಗೆ ಸಿಂಪಡಿಸಬಹುದು. ಇದರಿಂದ ಎಲೆ ಹಸಿರಾದರೂ ಮಣ್ಣಿನ ದೋಷ ಹೋಗುವುದಿಲ್ಲ. ಖಚಿತವಾಗಿ ತಿಳಿಯಬೇಕೆಂದಿದ್ದರೆ ಅಂಗಳದ ಐದಾರು ಕಡೆ ಅರ್ಧ ಅಡಿ ಆಳದಿಂದ ಮಣ್ಣು ತೆಗೆದು ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕೆ.ಜಿ.ಯಷ್ಟನ್ನು ಪರೀಕ್ಷೆಗೆ ಕೊಡಿ. ಎಲ್ಲಿ ಕೊಡಬೇಕೆಂಬುದನ್ನು ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಮಣ್ಣಿನ ರಸಸಾರ (ಪಿಎಚ್) 6.5ರಿಂದ 7.5ರ ನಡುವೆ ಇದ್ದರೆ ಹೆಚ್ಚಿನ ಗಿಡಗಳು ಸುಖವಾಗಿರುತ್ತವೆ.

ಪ್ರಶ್ನೆ: ನಮ್ಮ ಬೀದಿಯ ಬೋರ್‌ವೆಲ್ ಬೇಸಿಗೆಯಲ್ಲಿ ಬತ್ತುತ್ತದೆ, ಟ್ಯಾಂಕರ್ ನೀರು ಕೊಳ್ಳಬೇಕು. ಇಂಥ ಊರಿನಲ್ಲಿ ತೋಟದ ಆಸೆ ಪಡುವುದು ತಪ್ಪೇ? ವಾಷಿಂಗ್ ಮೆಷಿನ್ನಿನ ನೀರನ್ನೂ ಆರ್‌ಓ ಯಂತ್ರದಿಂದ ಹೊರಬರುವ ನೀರನ್ನೂ ಗಿಡಗಳಿಗೆ ಹಾಕಬಹುದೇ? (ಕೋಲಾರ)

ಉತ್ತರ: ಆಸೆ ತಪ್ಪಲ್ಲ. ಆದರೆ ಕುಡಿಯುವ ನೀರಿನಿಂದ ತೋಟ ಮಾಡುವ ಯೋಚನೆಯನ್ನು ಬಿಡಬೇಕು. ಜೀವನದಿಯೊಂದೂ ಇಲ್ಲದ ಈ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 700ರಿಂದ 750 ಮಿಲಿಮೀಟರ್. ಕಡಿಮೆಯೆನಿಸಿದರೂ ಲೆಕ್ಕ ಹಾಕಿ ನೋಡಿ: 1000 ಚದರ ಅಡಿ ತಾರಸಿಯ ಮೇಲೆ 700 ಮಿಲಿಮೀಟರ್ ಮಳೆಯೆಂದರೆ ಸುಮಾರು 65,000 ಲೀಟರ್ ನೀರು. ಆವಿಯಾಗಿ, ಸೋರಿ ಹೋದದ್ದನ್ನು ಕಳೆದರೂ 50,000 ಲೀಟರ್ ಕೈಗೆ ಸಿಗುತ್ತದೆ. ಒಂದು ಅಂಗುಲಕ್ಕೂ ಕಡಿಮೆ, ಕೇವಲ 10 ಮಿಲಿಮೀಟರ್ ಮಳೆ ಬಂದರೂ ಏಳೆಂಟು ನೂರು ಲೀಟರ್ ಇಳಿದು ಬರುತ್ತದೆ. ಸಂಪಿನ ಜೊತೆಗೆ ತೋಟಕ್ಕೆಂದೇ ಎರಡು ಡ್ರಮ್ ಇಟ್ಟು, ತಾರಸಿಯ ಒಂದು ಪೈಪನ್ನು ಅವಕ್ಕೆ ಕೂಡಿಸಿ. ಮಳೆನೀರಿನಲ್ಲಿ ಲವಣವಿಲ್ಲವಾದ್ದರಿಂದ ಬೋರ್‌ವೆಲ್ ನೀರಿನಿಂದ ಮಣ್ಣಿನ ಮೇಲೆ ಕಟ್ಟಿದ ಬಿಳಿಯ ಉಪ್ಪನ್ನೂ ಅದು ತೊಳೆದುಕೊಂಡು ಹೋಗುತ್ತದೆ. ತುಂಬಿ ಉಕ್ಕುವ ನೀರಿಗೆ ಇಂಗುಗುಂಡಿ ಮಾಡಿಸುವುದಾದರೆ ಅದು ತಳಪಾಯದಿಂದಲೂ ಸಂಪಿನಿಂದಲೂ ಸಾಕಷ್ಟು ದೂರವಿರಲಿ.

ಇನ್ನು ಬಳಸಿದ ನೀರಿನ ವಿಷಯ. 2018ರಿಂದ ಕೆ.ಸಿ. ವ್ಯಾಲಿ (ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯಲ್ಲಿ ಬೆಂಗಳೂರಿನ ತ್ಯಾಜ್ಯನೀರು ಸಂಸ್ಕರಣೆಗೊಂಡು ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿದು, ಅಂತರ್ಜಲ ಮರುಪೂರಣಕ್ಕೆ ಒದಗುತ್ತಿದೆ. ಒಂದು ಮಹಾನಗರದ ಬಳಕೆಯ ನೀರೇ ನಮ್ಮಲ್ಲಿಗೆ ಬರುತ್ತಿರುವಾಗ ನಮ್ಮ ಮನೆಯ ಅಡುಗೆಮನೆಯಲ್ಲಿ ಹುಟ್ಟುವ ನೀರನ್ನು ಚರಂಡಿಗೆ ಬಿಡುವುದು ನ್ಯಾಯವಲ್ಲವೆಂದು ನನಗೆ ಬಲವಾಗಿ ಅನಿಸುತ್ತದೆ. ಅಕ್ಕಿ, ಬೇಳೆ, ಸೊಪ್ಪು ತೊಳೆದ ನೀರನ್ನು ಯಾವ ಗಿಡಕ್ಕಾದರೂ ಹಾಕಬಹುದು. ಬಟ್ಟೆ ಒಗೆಯುವಾಗ ಮೊದಲು ಬರುವ ನೊರೆನೀರು ಬೇಡ; ಅದರಲ್ಲಿನ ಸೋಡಿಯಂ ಲವಣಗಳು ಕ್ರಮೇಣ ಮಣ್ಣನ್ನು ಬಿಗಿಯಾಗಿಸಿ ನೀರು ಇಂಗದಂತೆ ಮಾಡುತ್ತವೆ. ಕೊನೆಯ ಜಾಲಾಟದ ನೀರನ್ನು ಬಾಳೆಗೆ, ತೆಂಗಿಗೆ, ಸರದಿಯ ಮೇಲೆ ಹೂಗಿಡಗಳಿಗೆ ಬಿಡಬಹುದು; ಹಸಿಯಾಗಿ ತಿನ್ನುವ ಸೊಪ್ಪಿಗೆ ಬೇಡ. ಆರ್‌ಓ ಯಂತ್ರದ ಹೊರನೀರಿನಲ್ಲಿ ಬೋರ್‌ವೆಲ್ಲಿನ ಲವಣಗಳು ಇನ್ನಷ್ಟು ಸಾಂದ್ರವಾಗಿರುತ್ತವೆ. ಅದು ನೆಲ ಒರೆಸಲು, ಶೌಚಾಲಯಕ್ಕೆ ಸರಿ. ಗಿಡಗಳಿಗೆ, ಅದರಲ್ಲೂ ಕುಂಡದ ಗಿಡಗಳಿಗೆ, ಒಳ್ಳೆಯದಲ್ಲ. ಕೋಲಾರದ ಎಷ್ಟೋ ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದರಿಂದ ಡ್ರಸೀನಾ, ಸ್ಪೈಡರ್ ಗಿಡಗಳ ಎಲೆಯ ತುದಿ ಸುಡುವುದನ್ನೂ ನೀವು ನೋಡಿರಬಹುದು.

ನೀರು ತರುವುದಕ್ಕಿಂತ ಇದ್ದ ನೀರನ್ನು ನಿಲ್ಲಿಸುವುದು ಸುಲಭ. ಒಣಗಿದ ಎಲೆ, ಹುಲ್ಲು, ತೆಂಗಿನ ಸಿಪ್ಪೆಯನ್ನು ಎರಡು ಮೂರು ಅಂಗುಲ ದಪ್ಪ ಹೊದಿಕೆಯಾಗಿ ಬುಡದ ಸುತ್ತ ಹಾಸಿ; ಕಾಂಡಕ್ಕೆ ಮಾತ್ರ ತಾಗದಿರಲಿ. ಮಣ್ಣಿನ ಸಣ್ಣ ಮಡಕೆಗಳನ್ನು ಕತ್ತಿನವರೆಗೆ ಹೂತು ನೀರು ತುಂಬಿ ಮುಚ್ಚಳ ಮುಚ್ಚಿದರೆ ನೀರು ಮೆಲ್ಲಗೆ ಜಿನುಗಿ ಬೇರಿಗೇ ತಲಪುತ್ತದೆ; ಕುಂಬಾರರ ಮಡಕೆಗೆ ಬಣ್ಣ ಬಳಿದಿರಬಾರದು. ಹುಲ್ಲುಹಾಸನ್ನು ಮಾತ್ರ ದಯವಿಟ್ಟು ಹಾಕಿಸಬೇಡಿ. ಬೇಸಿಗೆಯಲ್ಲಿ ಬಹುತೇಕ ದಿನವೂ ನೀರು ಬೇಡುವ ಹುಲ್ಲನ್ನು ಟ್ಯಾಂಕರ್ ನೀರಿನಿಂದ ಸಾಕುವುದು ಬಯಲುಸೀಮೆಯ ಮನೆಗೆ ಸಲ್ಲದು.

ಪ್ರಶ್ನೆ: ಮನೆಯ ಮುಂದೆ ನುಗ್ಗೆ ಮರ ಇರಬಾರದೆಂದು ನಮ್ಮ ಅತ್ತೆಯವರು ಹೇಳುತ್ತಾರೆ. ನನಗೆ ನುಗ್ಗೆಯೂ ಬೇಕು, ನೆರಳೂ ಬೇಕು. ಮನೆಯ ಪಶ್ಚಿಮಕ್ಕೆ ಹತ್ತು ಅಡಿ, ಹಿಂದೆ ಆರು ಅಡಿ ಜಾಗವಿದೆ. ಯಾವ ಮರಗಳು ಸೂಕ್ತ? (ಚಿಕ್ಕಬಳ್ಳಾಪುರ)

ಉತ್ತರ: ನಿಮ್ಮ ಅತ್ತೆಯವರ ಮಾತಿನಲ್ಲಿ ತಿರುಳಿದೆ. ನುಗ್ಗೆಯ ಕೊಂಬೆ ಬಹಳ ಹಗುರ. ಕಾಯಿ ಜೋತಾಡುವ ಕಾಲದಲ್ಲಿ ಗಾಳಿ ಬೀಸಿದರೆ ಮುರಿದು ಬೀಳುತ್ತದೆ, ಏರಿದ ಮಕ್ಕಳನ್ನಂತೂ ತಡೆಯಲಾರದು. ಮಳೆಗಾಲದಲ್ಲಿ ಕಂಬಳಿಹುಳುಗಳು ಹಗಲು ಕಾಂಡದ ಮೇಲೆ ಗುಂಪುಗಟ್ಟಿ ಕೂತು, ರಾತ್ರಿ ಎಲೆ ಮೇಯುತ್ತವೆ. ಬಾಗಿಲ ಎದುರಿಗೇ ಮರವಿದ್ದರೆ ಅವುಗಳ ರೋಮ ತಾಗಿ ಮನೆಮಂದಿಗೆಲ್ಲ ತುರಿಕೆ. ಆದ್ದರಿಂದ ನುಗ್ಗೆ ಬೇಡವೆಂದಲ್ಲ, ಮುಂದೆ ಬೇಡ. ಹಿಂದಿನ ಮೂಲೆಯಲ್ಲಿ ನೆಟ್ಟು, ಪ್ರತಿ ವರ್ಷ ಕಾಯಿ ಮುಗಿದ ಮೇಲೆ ಮೂರು ನಾಲ್ಕು ಅಡಿಗೆ ಕಡಿದುಬಿಟ್ಟರೆ ಹೊಸ ಚಿಗುರು ಕೈಗೆಟಕುವಂತೆ ಬರುತ್ತದೆ, ಸೊಪ್ಪಿಗೂ ಕಾಯಿಗೂ ಅನುಕೂಲ. ಹುಳು ಗುಂಪಾಗಿರುವಾಗಲೇ ಬೆಂಕಿ ತೋರಿಸುವ ಹಳೆಯ ಪದ್ಧತಿಯಿಂದ ಕಾಂಡ ಸುಡುತ್ತದೆ. ಉದ್ದನೆಯ ಪೊರಕೆಯಿಂದ ಸೋಪಿನ ನೀರಿನ ಬಕೆಟಿಗೆ ಗುಡಿಸಿಹಾಕುವುದು ಮೇಲು. ಕೈ ಮುಚ್ಚಿಕೊಂಡೇ ಮಾಡಿ.

ಪಶ್ಚಿಮದ ಹತ್ತು ಅಡಿ ನಿಮ್ಮ ಮನೆಯ ಬಹುದೊಡ್ಡ ಅನುಕೂಲ. ಮಾರ್ಚಿಯಿಂದ ಮೇವರೆಗೆ ಮಧ್ಯಾಹ್ನದ ಬಿಸಿಲೆಲ್ಲ ಬಡಿಯುವುದು ಆ ಗೋಡೆಗೆ. ಅಲ್ಲಿ ಎಲೆಯ ನೆರಳು ಬಿದ್ದರೆ ರಾತ್ರಿ ಮಲಗುವ ಕೋಣೆಯ ಸೆಕೆ ಕಡಿಮೆಯಾಗುತ್ತದೆ. ಗೋಡೆಯಿಂದ ಆರೇಳು ಅಡಿ ಬಿಟ್ಟು ಒಂದು ಕಸಿ ಸೀಬೆ ಮತ್ತು ಒಂದು ಪಾರಿಜಾತ ನೆಡಿ. ಎರಡೂ ಬಯಲುಸೀಮೆಯ ಬಿಸಿಲನ್ನೂ ಸವರುವಿಕೆಯನ್ನೂ ಸಹಿಸುತ್ತವೆ, ಎರಡರ ಬೇರೂ ಗೋಡೆಗೆ ಅಪಾಯಕಾರಿಯಲ್ಲ. ನಿಂಬೆ, ದಾಳಿಂಬೆ ಆಗಬಹುದು, ಆದರೆ ಮುಳ್ಳಿರುವುದರಿಂದ ಓಡಾಡುವ ದಾರಿಯಿಂದ ದೂರವಿರಲಿ. ಕರಿಬೇವು ಬೇರಿನಿಂದ ಮರಿಗಳನ್ನು ಎಬ್ಬಿಸುತ್ತದೆ. ಕಿತ್ತು ನೆರೆಹೊರೆಯವರಿಗೆ ಕೊಟ್ಟರಾಯಿತು. ಸಂಪಿಗೆ ದೊಡ್ಡ ಮರವಾಗುತ್ತದೆ, ಹತ್ತು ಅಡಿಗೆ ಅದು ಹೆಚ್ಚು. ಅರಳಿ, ಅತ್ತಿ, ಆಲ ಪೂಜ್ಯವಾದವು, ಆದರೆ ಅವುಗಳ ಬೇರು ಸಂಪನ್ನೂ ಒಳಚರಂಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಕಾಂಪೌಂಡಿನ ಬಿರುಕಿನಲ್ಲಿ ಹಕ್ಕಿಯ ಹಿಕ್ಕೆಯಿಂದ ಹುಟ್ಟಿದ ಅರಳಿ ಸಸಿಯನ್ನು ಎಳೆಯದರಲ್ಲೇ ತೆಗೆದು ದೇವಸ್ಥಾನದ ಬಯಲಿಗೋ ಕೆರೆ ಏರಿಯ ಆಚೆಗೋ ಸಾಗಿಸಿ. ಕಣಗಿಲೆಯ ಎಲೆ, ಹೂವು, ಕಾಂಡ ಎಲ್ಲವೂ ವಿಷ. ಚಿಕ್ಕ ಮಕ್ಕಳೋ ಹಸುವೋ ಇರುವ ಮನೆಯಲ್ಲಿ ಬೇಡವೇ ಬೇಡ.

ನಿಮ್ಮೂರಿನ ಸುತ್ತ ದ್ರಾಕ್ಷಿ ಚಪ್ಪರಗಳನ್ನು ನೋಡಿ ಮನೆಯಲ್ಲೂ ಬೆಂಗಳೂರು ಬ್ಲೂ ಬಳ್ಳಿ ಹಬ್ಬಿಸುವ ಆಸೆಯನ್ನು ಕೊನೆಯಲ್ಲಿ ಬರೆದಿದ್ದೀರಿ. ಬಳ್ಳಿ ಖಂಡಿತ ಬೆಳೆಯುತ್ತದೆ. ಆದರೆ ಬೂಜುರೋಗಕ್ಕೆ ತೋಟಗಳಲ್ಲಿ ಪದೇ ಪದೇ ಔಷಧಿ ಸಿಂಪಡಿಸುತ್ತಾರೆ. ಮಲಗುವ ಕೋಣೆಯ ಕಿಟಕಿಯ ಮೇಲೆ ಅದನ್ನು ಮಾಡುವುದು ಸರಿಯಲ್ಲ. ಆ ಚಪ್ಪರಕ್ಕೆ ತಿಂಗಳವರೆ, ಹೀರೆ, ಇಲ್ಲವೆ ದುಂಡುಮಲ್ಲಿಗೆ ಬಳ್ಳಿ ಸಾಕು.

ಪ್ರಶ್ನೆ: ಅಡುಗೆಮನೆಯ ಹಸಿಕಸದಿಂದ ಗೊಬ್ಬರ ಮಾಡಲು ಹೊರಟೆ. ಡಬ್ಬಿ ತೆರೆದರೆ ದುರ್ವಾಸನೆ, ಒಳಗೆ ಹುಳುಗಳು. ಪಕ್ಕದ ಮನೆಯವರು ಆಕ್ಷೇಪಿಸುತ್ತಿದ್ದಾರೆ. (ತುಮಕೂರು)

ಉತ್ತರ: ವಾಸನೆ ಬರುವುದು ಗಾಳಿ ಸಾಲದೆ, ತೇವ ಹೆಚ್ಚಾದಾಗ. ಹಸಿಕಸದ ಬಹುಪಾಲು ನೀರೇ ಆದ್ದರಿಂದ, ಪ್ರತಿ ಸಲ ಒಂದು ಪಾತ್ರೆ ಹಸಿಕಸ ಹಾಕಿದ ಮೇಲೆ ಅಷ್ಟೇ ಅಳತೆಯ, ಸಾಧ್ಯವಾದರೆ ಎರಡರಷ್ಟು, ಒಣ ಪದಾರ್ಥ ಹಾಕಿ ಮುಚ್ಚಬೇಕು. ಒಣ ಎಲೆ, ಮರದ ಹೊಟ್ಟು, ಹರಿದ ರಟ್ಟು ಯಾವುದಾದರೂ ಆದೀತು. ತೆಂಗಿನ ನಾಡಾದ ತುಮಕೂರಿನಲ್ಲಿ ನಾರಿನ ಪುಡಿ ಸುಲಭವಾಗಿ ಸಿಗುತ್ತದೆ. ಹಸಿ ಕಸವನ್ನು ಹೀರಿಕೊಳ್ಳಲು ಅದು ಬಹಳ ಒಳ್ಳೆಯದು, ಆದರೆ ಕುಂಡದ ಮಣ್ಣಿಗೆ ನೇರವಾಗಿ ಬೆರೆಸುವುದಾದರೆ ಮೊದಲು ನೀರಿನಲ್ಲಿ ನೆನೆಸಿ ಒಗರನ್ನು ತೆಗೆಯಬೇಕು. ಡಬ್ಬಿಯ ತಳಕ್ಕೂ ಪಕ್ಕಗಳಿಗೂ ತೂತು ಮಾಡಿ, ವಾರಕ್ಕೆರಡು ಸಲ ಕೋಲಿನಿಂದ ತಿರುವಿಹಾಕಿ. ಒಂದು ಹಿಡಿ ಹಿಂಡಿದಾಗ ಒಂದೆರಡು ಹನಿ ಬಂದರೆ ತೇವ ಸರಿಯಾಗಿದೆ.

ಹುಳುಗಳಿಗೆ ಹೆದರಬೇಡಿ, ಬೂದುಬಣ್ಣದ ಚಪ್ಪಟೆ ಹುಳುಗಳು ಕಸವನ್ನು ಬೇಗ ತಿಂದು ಕರಗಿಸುತ್ತವೆ, ರೋಗ ತರುವುದಿಲ್ಲ. ಒಣ ಪದಾರ್ಥ ಹೆಚ್ಚಿಸಿದರೆ ತಾವಾಗಿ ಕಡಿಮೆಯಾಗುತ್ತವೆ. ಎಣ್ಣೆಯ ಅಡುಗೆ, ಮಾಂಸ, ಮೊಸರು ಹಾಕಬೇಡಿ. ಎರಡು ಮೂರು ತಿಂಗಳಲ್ಲಿ ಕಪ್ಪಗೆ, ಮಳೆ ಬಿದ್ದ ಮಣ್ಣಿನ ವಾಸನೆಯ ಗೊಬ್ಬರ ಸಿದ್ಧವಾಗುತ್ತದೆ. ಮೊದಲ ಗೊಬ್ಬರದಲ್ಲಿ ಒಂದು ಚೀಲ ಆ ಪಕ್ಕದ ಮನೆಯವರಿಗೂ ಕೊಡಿ.

ಪ್ರಶ್ನೆ: ತಾರಸಿಯ ಮೇಲೆ ಮನೆಬಳಕೆಗೆ ಸೊಪ್ಪು, ಟೊಮ್ಯಾಟೊ, ಅವರೆ ಬೆಳೆಯಬಹುದೇ? ಅವರೆ ಬಳ್ಳಿ ಸೊಂಪಾಗಿ ಬೆಳೆದರೂ ಹೂ ಬಿಡಲಿಲ್ಲ. (ಕೋಲಾರ)

ಉತ್ತರ: ನಾಟಿ ಅವರೆ ಹಗಲು ಚಿಕ್ಕದಾಗುವವರೆಗೆ ಹೂ ಬಿಡುವುದಿಲ್ಲ. ಜನವರಿಯಲ್ಲೋ ಫೆಬ್ರವರಿಯಲ್ಲೋ ಬಿತ್ತಿದ್ದರೆ ಬಳ್ಳಿ ಹಬ್ಬುತ್ತಲೇ ಇರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಿತ್ತಿ. ಸೊಗಡಿನ ಕಾಯಿ ಡಿಸೆಂಬರ್, ಜನವರಿಯ ಚಳಿಗೆ ಬರುತ್ತದೆ. ಎಲ್ಲ ಕಾಲಕ್ಕೂ ಬೇಕಾದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ ತಳಿಗಳಿವೆ, ಅವಕ್ಕೆ ಹಗಲಿನ ಉದ್ದದ ಹಂಗಿಲ್ಲ. ರುಚಿಯಲ್ಲಿ ನನ್ನ ಒಲವು ನಾಟಿಯ ಕಡೆಗೇ.

ಟೊಮ್ಯಾಟೊಗೆ ಎಲೆಮುದುಡು ನಂಜುರೋಗ ಈ ಭಾಗದಲ್ಲಿ ಬಹಳ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿ ಅದನ್ನೂ ಸೊರಗು ರೋಗವನ್ನೂ ತಡೆದುಕೊಳ್ಳುತ್ತದೆ; ಅದು ಸಂಕರಣ ತಳಿಯಾದ್ದರಿಂದ ಹಣ್ಣಿನ ಬೀಜ ಎತ್ತಿಟ್ಟರೆ ಅದೇ ಗುಣ ಬರುವುದಿಲ್ಲ. ದಂಟು, ಮೆಂತ್ಯ, ಸಬ್ಬಸಿಗೆ, ಕೊತ್ತಂಬರಿಯನ್ನು ಒಟ್ಟಿಗೆ ಬಿತ್ತದೆ ಹತ್ತು ದಿನಕ್ಕೊಂದು ಪಟ್ಟಿಯಂತೆ ಬಿತ್ತಿದರೆ ಬಸ್ಸಾರಿಗೂ ಮಸ್ಸೊಪ್ಪಿಗೂ ಸದಾ ಸೊಪ್ಪು ಇರುತ್ತದೆ. ಕೊತ್ತಂಬರಿ ಬೀಜವನ್ನು ಉಜ್ಜಿ ಎರಡು ಹೋಳಾಗಿಸಿ ಬಿತ್ತಿ.

ತಾರಸಿಯ ಮೇಲೆ ನೇರವಾಗಿ ಮಣ್ಣು ಹರಡಬೇಡಿ. ಒದ್ದೆ ಮಣ್ಣು ಒಂದು ಘನ ಅಡಿಗೆ 45ರಿಂದ 50 ಕೆ.ಜಿ. ತೂಗುತ್ತದೆ. ಅರ್ಧ ಪಾಲು ನಾರಿನ ಪುಡಿ ಮತ್ತು ಗೊಬ್ಬರ ಬೆರೆಸಿ ಹಗುರ ಮಾಡಿ ಚೀಲಗಳಿಗೆ ತುಂಬಿ, ಅವನ್ನು ತೊಲೆಯ ನೇರಕ್ಕೆ, ಗೋಡೆಯ ಮೇಲಿನ ಅಂಚಿಗೆ ಇಟ್ಟಿಗೆ ಕೊಟ್ಟು ಇಡಿ. ನಡುವೆ ಇಡಬೇಕೆಂದಿದ್ದರೆ ಮನೆ ಕಟ್ಟಿಸಿದ ಎಂಜಿನಿಯರರನ್ನು ಕೇಳಿಯೇ ಇಡಿ.

ಪ್ರಶ್ನೆ: ಗಿಡಗಳಿಂದ ಸೊಳ್ಳೆ ಹೆಚ್ಚಾಗಿ ಡೆಂಗಿ ಬರುತ್ತದೆಂದು ಮನೆಯವರು ಕುಂಡಗಳನ್ನೆಲ್ಲ ತೆಗೆಸುತ್ತೇನೆನ್ನುತ್ತಿದ್ದಾರೆ. (ಕೋಲಾರ)

ಉತ್ತರ: ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುವುದು ನಿಂತ ಶುದ್ಧ ನೀರಿನ ಅಂಚಿನಲ್ಲಿ, ಮೊಟ್ಟೆ ಸೊಳ್ಳೆಯಾಗಲು ಸುಮಾರು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ಕುಂಡದ ಕೆಳಗಿನ ತಟ್ಟೆಗಳನ್ನು ತೆಗೆದುಬಿಡಿ, ಇಲ್ಲವೆ ಅವುಗಳಲ್ಲಿ ಮರಳು ತುಂಬಿಡಿ. ಹಕ್ಕಿಗಳಿಗೆ ನೀರಿಡುವ ಬಟ್ಟಲನ್ನು ವಾರಕ್ಕೆ ಎರಡು ಸಲ ಬರಿದುಮಾಡಿ, ಒಳಬದಿಯನ್ನು ನಾರಿನಿಂದ ತಿಕ್ಕಿ ತೊಳೆಯಿರಿ, ಏಕೆಂದರೆ ಅಂಟಿಕೊಂಡ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಬದುಕಿರುತ್ತವೆ. ಮಳೆನೀರಿನ ಡ್ರಮ್ಮಿಗೆ ಸಣ್ಣ ಕಣ್ಣಿನ ಬಲೆ ಬಿಗಿದು ಕಟ್ಟಿ. ತೆಂಗಿನ ಚಿಪ್ಪು, ಒಡೆದ ಮಡಕೆ, ಹಳೆಯ ಟೈರು ಅಂಗಳದಲ್ಲಿರಬಾರದು. ಇಷ್ಟನ್ನು ಪಾಲಿಸಿದರೆ ಕುಂಡಗಳನ್ನು ತೆಗೆಸುವ ಅಗತ್ಯವಿಲ್ಲ. ಈ ಉತ್ತರವನ್ನು ಮನೆಯವರಿಗೂ ಓದಲು ಕೊಡಿ.